ಬೆಟ್ಟಕ್ಕೆ ಒಪ್ಪುವ ಮನೆ: ದೆಹಲಿ ಸುತ್ತಲಿನ ಅರಾವಳಿಯಲ್ಲಿ ಕಟ್ಟುವವರಿಗೊಂದು ಕೈಪಿಡಿ

ದೆಹಲಿ, ಗುರುಗ್ರಾಮ, ಫರೀದಾಬಾದ್, ನೋಯ್ಡಾಗಳಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಲ್ಲಿ ನಿವೃತ್ತಿ ಹತ್ತಿರವಾದಂತೆ ಒಂದು ಮಾತು ಬಂದೇ ಬರುತ್ತದೆ. ಊರಿಗೆ ಮರಳುವುದೋ, ಇಲ್ಲೇ ಬೆಟ್ಟದ ಕಡೆ ಒಂದು ಸಣ್ಣ ಮನೆ ಮಾಡಿಕೊಳ್ಳುವುದೋ? ಮಲೆನಾಡು, ಕೊಡಗಿನ ಕಡೆಯಿಂದ ಬಂದವರಿಗಂತೂ ಹದಿನೈದನೇ ಮಹಡಿಯ ಫ್ಲ್ಯಾಟು, ಚಳಿಗಾಲದ ಹೊಗೆ, ಮೇ ತಿಂಗಳ ಬಿಸಿಗಾಳಿ ಸಾಕುಸಾಕಾಗಿರುತ್ತದೆ. ವಾರಾಂತ್ಯದ ಪತ್ರಿಕೆ ತೆರೆದರೆ ‘ಅರಾವಳಿಯ ನೋಟ’ ಇರುವ ಫಾರ್ಮ್‌ಹೌಸ್‌ಗಳ ಜಾಹೀರಾತು ಕಣ್ಣಿಗೆ ಬೀಳುತ್ತದೆ. ಆಸೆ ಸಹಜವಾದದ್ದೇ. ಆದರೆ ಬೆಟ್ಟದಲ್ಲಿ ಮನೆ ಕಟ್ಟುವುದು ಸೈಟಿನಲ್ಲಿ ಮನೆ ಕಟ್ಟಿದಂತೆ ಅಲ್ಲ. ಅದರ ಲೆಕ್ಕಾಚಾರವೇ ಬೇರೆ.

‘ನಿಸರ್ಗಕ್ಕೆ ಹೊಂದುವ ಮನೆ’ ಎಂದು ಇಂದು ಮಾರಾಟವಾಗುವ ಬಹುಪಾಲು ಮನೆಗಳು ಕಾಂಕ್ರೀಟ್ ಗೋಡೆಗೆ ತೆಳುಗಲ್ಲು ಅಂಟಿಸಿಕೊಂಡು, ಸುತ್ತ ಹುಲ್ಲುಹಾಸು ಹಾಸಿಕೊಂಡು ನಿಂತಿರುತ್ತವೆ. ಕಣ್ಣಿಗೆ ಅವು ಬೆಟ್ಟದ ಬಣ್ಣದಲ್ಲೇ ಇರಬಹುದು. ಆದರೆ ಅರಾವಳಿ ಸುಮ್ಮನೆ ನಿಂತ ಗುಡ್ಡವಲ್ಲ. ಗುಜರಾತಿನಿಂದ ದೆಹಲಿಯವರೆಗೆ ಸುಮಾರು 700 ಕಿಲೋಮೀಟರ್ ಹಬ್ಬಿರುವ ಈ ಸಾಲು ಜಗತ್ತಿನ ಅತಿ ಹಳೆಯ ಪರ್ವತಗಳಲ್ಲೊಂದು. ರಾಜಸ್ಥಾನದ ಮರುಭೂಮಿಯಿಂದ ಬರುವ ಧೂಳಿಗೆ ಅದು ಅಡ್ಡ ನಿಲ್ಲುತ್ತದೆ. ಬಿರುಕು ಬಿಟ್ಟ ಬಂಡೆಗಳ ಮೂಲಕ ಮಳೆನೀರನ್ನು ನೆಲದೊಳಗೆ ಇಳಿಸುತ್ತದೆ. ಚಿರತೆ, ಕತ್ತೆಕಿರುಬ, ನೀಲಗಾಯಿಗಳಿಗೆ ದಾರಿಯಾಗುತ್ತದೆ. ಬೆಟ್ಟ ಮಾಡುವ ಈ ಕೆಲಸಗಳಿಗೆ ತೊಡಕಾಗದೆ ನಿಲ್ಲುವ ಮನೆಯೇ ಬೆಟ್ಟಕ್ಕೆ ಒಪ್ಪುವ ಮನೆ. ಈ ಲೇಖನದ ಸಲಹೆಗಳೆಲ್ಲ ಈ ಒಂದು ಅಳತೆಗೋಲಿನಿಂದ ಹೊರಟವು.

ಮೊದಲು ಕಾಗದಪತ್ರ, ಆಮೇಲೆ ನಕ್ಷೆ

ಅರಾವಳಿಯಲ್ಲಿ ವಿನ್ಯಾಸ ಶುರುವಾಗುವುದು ಆರ್ಕಿಟೆಕ್ಟರ ಕಚೇರಿಯಲ್ಲಲ್ಲ, ಪಟವಾರಿಯ (ನಮ್ಮ ಗ್ರಾಮಲೆಕ್ಕಿಗರಿಗೆ ಸಮ) ಕಚೇರಿಯಲ್ಲಿ. ಕಟ್ಟಬಾರದ ಜಾಗದಲ್ಲಿ ಎಷ್ಟು ಚೆಂದದ ಮಣ್ಣಿನ ಮನೆ ಕಟ್ಟಿದರೂ ಅದು ಕಾಡಿನ ಒತ್ತುವರಿಯೇ.

ಹರಿಯಾಣದ ಭಾಗದಲ್ಲಿ ಮೊದಲು ನೋಡಬೇಕಾದದ್ದು 1900ರ ಪಂಜಾಬ್ ಭೂ ಸಂರಕ್ಷಣಾ ಕಾಯ್ದೆ. ಈ ಕಾಯ್ದೆಯ ನಾಲ್ಕನೇ ಸೆಕ್ಷನ್ನಿನ ವಿಶೇಷ ಆದೇಶಕ್ಕೆ ಒಳಪಟ್ಟ ಜಮೀನೆಲ್ಲ ಅರಣ್ಯವೇ ಎಂದು ಸುಪ್ರೀಂ ಕೋರ್ಟ್ 2022ರ ಜುಲೈ 21ರಂದು ತೀರ್ಪು ಕೊಟ್ಟಿದೆ. ಕೇಂದ್ರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಅಲ್ಲಿ ಅರಣ್ಯೇತರ ಬಳಕೆ ಮಾಡುವಂತಿಲ್ಲ. ಜಮೀನು ಖಾಸಗಿ ಹೆಸರಿನಲ್ಲಿದೆ, ನೋಂದಣಿ ಆಗಿದೆ, ವಿದ್ಯುತ್ ಸಂಪರ್ಕವೂ ಇದೆ ಎಂಬ ಯಾವ ಮಾತೂ ಇಲ್ಲಿ ರಕ್ಷಣೆಗೆ ಬರುವುದಿಲ್ಲ. ಫರೀದಾಬಾದಿನ ಕಾಂತ್ ಎನ್‌ಕ್ಲೇವ್‌ನಲ್ಲಿ ಸರ್ಕಾರದ ಪರವಾನಗಿ ನೋಡಿಯೇ ಜನ ನಿವೇಶನ ಕೊಂಡಿದ್ದರು. ಆ ಜಾಗ ಈ ಕಾಯ್ದೆಯ ವ್ಯಾಪ್ತಿಯ ಅರಣ್ಯ ಭೂಮಿ ಎಂದು ಹೇಳಿ, ಅಲ್ಲಿನ ಕಟ್ಟಡಗಳನ್ನು ಕೆಡವಲು 2018ರ ಸೆಪ್ಟೆಂಬರ್ 11ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. 2021ರಲ್ಲಿ ಅಲ್ಲೇ ಸಮೀಪದ ಖೋರಿ ಗ್ರಾಮದಲ್ಲಿ ಸಾವಿರಾರು ಬಡವರ ಮನೆಗಳು ನೆಲಸಮವಾದವು. ಕೂಲಿಮಾಡುವವರ ಸೂರನ್ನು ಅರಣ್ಯದ ಹೆಸರಿನಲ್ಲಿ ತೆಗೆದಿರುವಾಗ, ಅದೇ ಬೆಟ್ಟದಲ್ಲಿ ರಜೆಯ ಮನೆ ಕಟ್ಟಲು ಹೊರಟವರು ಕಾನೂನನ್ನು ಇನ್ನೂ ಹೆಚ್ಚು ಗೌರವಿಸಬೇಕು.

ಎರಡನೆಯದು, 1992ರ ಮೇ 7ರ ಅರಾವಳಿ ಅಧಿಸೂಚನೆ. ಅಂದಿನ ಗುರ್‌ಗಾಂವ್ ಜಿಲ್ಲೆ ಮತ್ತು ರಾಜಸ್ಥಾನದ ಆಲ್ವಾರ್ ಜಿಲ್ಲೆಗೆ ಅನ್ವಯಿಸಿದ ಇದು, ಕಂದಾಯ ದಾಖಲೆಯಲ್ಲಿ ‘ಗೈರ್ ಮುಮ್ಕಿನ್ ಪಹಾಡ್’, ‘ಬಂಜಡ್ ಬೀಡ್’, ‘ರೂಂಧ್’ ಮುಂತಾಗಿ ನಮೂದಾದ ಜಮೀನಿನಲ್ಲಿ ಅನುಮತಿಯಿಲ್ಲದೆ ಕಟ್ಟಡ, ರಸ್ತೆ, ಮರ ಕಡಿತ ಎಲ್ಲವನ್ನೂ ನಿರ್ಬಂಧಿಸುತ್ತದೆ. ಮೂರನೆಯದು, ರಾಷ್ಟ್ರ ರಾಜಧಾನಿ ಪ್ರದೇಶದ (ಎನ್‌ಸಿಆರ್) 2021ರ ಪ್ರಾದೇಶಿಕ ಯೋಜನೆ. ಅದರಲ್ಲಿ ‘ನೈಸರ್ಗಿಕ ಸಂರಕ್ಷಣಾ ವಲಯ’ ಎಂದು ಗುರುತಿಸಿದ ಕಡೆ ಪ್ರಾದೇಶಿಕ ಮನರಂಜನಾ ಉದ್ದೇಶಕ್ಕೂ ಕಟ್ಟಡ 0.5 ಶೇಕಡಾ ಮೀರುವಂತಿಲ್ಲ. ದೆಹಲಿಯೊಳಗಿನ ಅರಾವಳಿ ಭಾಗವಾದ ರಿಜ್ ಅನ್ನು ಮೀಸಲು ಅರಣ್ಯವಾಗಿಸುವ ಅಧಿಸೂಚನೆ 1994ರಲ್ಲೇ ಹೊರಟಿದೆ. ಅಲ್ಲಿ ಮನೆಯ ಮಾತೇ ಇಲ್ಲ.

ಅರಾವಳಿ ಎಂದರೆ ಎಷ್ಟು ಎತ್ತರದ ಗುಡ್ಡ ಎಂಬ ಚರ್ಚೆ ನಿಮ್ಮ ಕಿವಿಗೂ ಬಿದ್ದಿರಬಹುದು. 100 ಮೀಟರ್ ಎತ್ತರದ ವ್ಯಾಖ್ಯಾನವನ್ನು 2025ರ ನವೆಂಬರ್ 20ರಂದು ಒಪ್ಪಿದ ಸುಪ್ರೀಂ ಕೋರ್ಟ್, ಡಿಸೆಂಬರ್ 29ರಂದು ತನ್ನ ಆದೇಶವನ್ನೇ ತಡೆಹಿಡಿಯಿತು. ಆ ಪ್ರಕರಣದ ಮುಖ್ಯ ವಿಷಯ ಗಣಿಗಾರಿಕೆ. ‘ನಮ್ಮ ಗುಡ್ಡ ಚಿಕ್ಕದು, ಅದು ಅರಾವಳಿ ಅಲ್ಲ’ ಎಂದು ಯಾರಾದರೂ ದಲ್ಲಾಳಿ ಹೇಳಿದರೆ ನಂಬಿ ಮುಂಗಡ ಕೊಡಬೇಡಿ.

ಕೈಯಲ್ಲಿ ಹಿಡಿದು ಹೋಗಬೇಕಾದ ಪಟ್ಟಿ ಇಷ್ಟು:

- ಜಮಾಬಂದಿ (ನಮ್ಮ ಪಹಣಿಗೆ ಸಮ) ಪ್ರತಿ, ಹಳೆಯ ವರ್ಷಗಳದ್ದೂ ಸೇರಿ. ಅದರಲ್ಲಿ ಜಮೀನಿನ ಬಗೆ ಏನೆಂದು ಬರೆದಿದೆ?
- ಖಸ್ರಾ ನಂಬರಿನ (ನಮ್ಮ ಸರ್ವೆ ನಂಬರಿಗೆ ಸಮ) ಮೇಲೆ ಭೂ ಸಂರಕ್ಷಣಾ ಕಾಯ್ದೆಯ ಆದೇಶ ಇಲ್ಲವೆಂದು ಅರಣ್ಯ ಇಲಾಖೆಯಿಂದ ಲಿಖಿತ ಉತ್ತರ.
- ಜಮೀನು ಹಿಂದೆ ‘ಶಾಮಿಲಾತ್’, ಅಂದರೆ ಊರೊಟ್ಟಿನ ಭೂಮಿ ಆಗಿತ್ತೇ? ಆಗಿದ್ದರೆ ದೂರ ಉಳಿಯುವುದು ಕ್ಷೇಮ.
- ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯಿಂದ ವಲಯ ಮತ್ತು ಭೂಬಳಕೆಯ ಮಾಹಿತಿ.
- ಕೊಳವೆಬಾವಿ ತೆಗೆಯುವ ಯೋಚನೆಯಿದ್ದರೆ ಅದಕ್ಕೆ ಬೇಕಾದ ಅಂತರ್ಜಲ ಅನುಮತಿ.

ಈ ಐದಕ್ಕೂ ಸರಿಯಾದ ಉತ್ತರ ಬರುವ ಜಾಗ ಸಾಮಾನ್ಯವಾಗಿ ಬೆಟ್ಟದ ಮೇಲಿರುವುದಿಲ್ಲ. ಬೆಟ್ಟದ ಬುಡದಲ್ಲಿ, ಹಳ್ಳಿಯ ಊರಗೇರಿಯಲ್ಲೋ ಅನುಮೋದಿತ ವಸತಿ ವಲಯದಲ್ಲೋ ಇರುತ್ತದೆ. ಅದೇ ಒಳ್ಳೆಯದು. ಬೆಟ್ಟ ನೋಡಬೇಕಾದರೆ ಅದರ ಎದುರಿಗಿರಬೇಕು. ಬೆಟ್ಟದ ನೆತ್ತಿಯ ಮೇಲೆ ಕೂತವರಿಗೆ ಕಾಣುವುದು ನಗರವೇ.

ಅನಂಗಪುರದ ಮಣ್ಣಿನ ಮನೆ

ಇಂಥ ಮನೆಗೆ ಮಾದರಿ ಹುಡುಕಿ ದೂರ ಹೋಗಬೇಕಿಲ್ಲ. ಆರ್ಕಿಟೆಕ್ಟ್ ರೇವತಿ ಕಾಮತ್ ಬಾಲ್ಯದ ಕೆಲವು ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು. ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಲ್ಲಿ ಓದಿದರು. ಪತಿ ವಸಂತ್ ಕಾಮತ್ ಜೊತೆಗೂಡಿ ಮಣ್ಣಿನ ಕಟ್ಟಡಗಳನ್ನು ಉತ್ತರ ಭಾರತದ ಶಿಕ್ಷಿತ ಮಧ್ಯಮ ವರ್ಗ ಒಪ್ಪುವಂತೆ ಮಾಡಿದವರಲ್ಲಿ ಅವರೂ ಒಬ್ಬರು. 2020ರ ಜುಲೈನಲ್ಲಿ ತೀರಿಕೊಂಡರು. ಫರೀದಾಬಾದ್ ಜಿಲ್ಲೆಯ ಅನಂಗಪುರದಲ್ಲಿ, ಅರಾವಳಿಯ ಅಂಚಿನಲ್ಲಿ, ಅವರು ತಮಗಾಗಿ ಕಟ್ಟಿಕೊಂಡದ್ದು ಮಣ್ಣಿನ ಮನೆಯನ್ನೇ. ತಾವು ಬೇರೆಯವರಿಗೆ ಹೇಳಿದ್ದನ್ನು ತಮ್ಮ ಸೂರಿಗೇ ಅನ್ವಯಿಸಿಕೊಂಡರು ಎಂಬುದು ಆ ಮನೆಯ ಹಿರಿಮೆ. ಮಣ್ಣು ಬಡತನದ ಗುರುತು ಎಂಬ ಭಾವನೆಗೆ ಅದು ಕಟ್ಟಿ ತೋರಿಸಿದ ಉತ್ತರ.

ಆ ಮನೆಯನ್ನು ಕಟ್ಟುವ ವಿಧಾನದ ಪಾಠವಾಗಿ ನೋಡಿ. ನಿಮ್ಮ ಜಮೀನಿಗೆ ಬೇಕಾದ ಅನುಮತಿ ನಿಮ್ಮ ಖಸ್ರಾ ನಂಬರಿಗೆ ಬೇರೆಯಾಗಿಯೇ ಸಿಗಬೇಕು. 2025ರಲ್ಲಿ ಅನಂಗಪುರದ ಸುತ್ತಮುತ್ತ ಅರಣ್ಯ ಭೂಮಿಯ ತೆರವು ಕಾರ್ಯಾಚರಣೆ ನಡೆದು ದೊಡ್ಡ ಪ್ರತಿಭಟನೆಯೇ ಆಯಿತು ಎಂಬುದೂ ನೆನಪಿರಲಿ.

ಇನ್ನೆರಡು ಕಟ್ಟಡಗಳನ್ನು ಕಣ್ಣಾರೆ ನೋಡಿ ಬನ್ನಿ. ಒಂದು, ಜೋಸೆಫ್ ಆಲನ್ ಸ್ಟೈನ್ ವಿನ್ಯಾಸ ಮಾಡಿದ, 1962ರಲ್ಲಿ ತೆರೆದ ದೆಹಲಿಯ ಇಂಡಿಯಾ ಇಂಟರ್‌ನ್ಯಾಷನಲ್ ಸೆಂಟರ್. ಅಲ್ಲಿನ ಗೋಡೆಗಳಲ್ಲಿ ದೆಹಲಿಯ ಬೆಣಚುಕಲ್ಲು ಹೇಗೆ ಕೂತಿದೆ, ಜಾಲಂಧ್ರ ಹೇಗೆ ಬೆಳಕನ್ನು ಸೋಸುತ್ತದೆ, ಮರಗಳ ಎತ್ತರ ಮೀರದೆ ಕಟ್ಟಡ ಹೇಗೆ ತಗ್ಗಿ ನಿಂತಿದೆ ಎಂಬುದು ಗಮನಿಸಬೇಕಾದದ್ದು. ಇನ್ನೊಂದು, ಗುರುಗ್ರಾಮದ ಗ್ವಾಲ್ ಪಹಾಡಿಯಲ್ಲಿ ಟೆರಿ ಸಂಸ್ಥೆ ಕಟ್ಟಿದ ‘ರಿಟ್ರೀಟ್’. ಅಲ್ಲಿ ನೆಲದಡಿ ನಾಲ್ಕು ಮೀಟರ್ ಆಳದಲ್ಲಿ ಹೂತ ಸುರಂಗಗಳ ಮೂಲಕ ಗಾಳಿ ಹಾಯಿಸಿ ಕೋಣೆಗಳನ್ನು ತಂಪು ಮಾಡುತ್ತಾರೆ. ಆ ಆಳದಲ್ಲಿ ಮಣ್ಣಿನ ಉಷ್ಣತೆ ವರ್ಷವಿಡೀ ಹೆಚ್ಚು ಏರುಪೇರಾಗುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಗಾಳಿ ತಣಿಯುತ್ತದೆ, ಚಳಿಗಾಲದಲ್ಲಿ ಬೆಚ್ಚಗಾಗುತ್ತದೆ.

ಜಾಗವನ್ನು ಒಂದು ವರ್ಷ ನೋಡಿ

ಜಮೀನು ಕೈಗೆ ಬಂದ ಮರುದಿನವೇ ಜೆಸಿಬಿ ಕರೆಸುವುದು ಬೆಟ್ಟದ ಮನೆಗೆ ಆಗುವ ದೊಡ್ಡ ಅನ್ಯಾಯ. ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಚಳಿಗಾಲ ಅಲ್ಲಿ ಓಡಾಡಿ. ಜೋರು ಮಳೆಯ ದಿನ ಛತ್ರಿ ಹಿಡಿದು ನಿಂತರೆ ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಮಣ್ಣನ್ನು ಕೊರೆಯುತ್ತದೆ ಎಂದು ತಿಳಿಯುತ್ತದೆ. ಬೇಸಿಗೆಯಲ್ಲಿ ಒಣಗಿ ಬಿದ್ದ ಕಿರುಹಳ್ಳ ಜುಲೈನಲ್ಲಿ ತುಂಬಿ ಹರಿಯಬಹುದು. ಅಂಥ ಹಳ್ಳದ ಪಾತ್ರದಲ್ಲಿ ಮನೆ ಬೇಡ, ಗೇಟೂ ಬೇಡ, ಕಾಂಪೌಂಡ್ ಗೋಡೆಯೂ ಬೇಡ.

ಅನುಭವಿ ಸರ್ವೆಯವರಿಂದ ಅರ್ಧ ಮೀಟರ್ ಅಂತರದ ಸಮೋನ್ನತಿ ರೇಖೆಗಳ ನಕ್ಷೆ ಮಾಡಿಸಿ. ದೊಡ್ಡ ಬಂಡೆ, ಪ್ರತಿ ಮರ, ನೀರಿನ ಹಾದಿ, ಪ್ರಾಣಿಗಳ ಕಾಲುದಾರಿ ಎಲ್ಲ ಅದರಲ್ಲಿ ಗುರುತಾಗಲಿ. ಮನೆಯ ಜಾಗ ಆರಿಸುವಾಗ ಮೂರು ನಿಯಮ ಸಾಕು. ಗುಡ್ಡದ ಏಣಿನ ಮೇಲೆ ಬೇಡ, ಏಕೆಂದರೆ ದೂರದಿಂದ ಬೆಟ್ಟದ ರೇಖೆಯನ್ನು ಅದು ಮುರಿಯುತ್ತದೆ ಮತ್ತು ಬಿಸಿಗಾಳಿಗೆ ಎದೆಯೊಡ್ಡುತ್ತದೆ. ಇಳಿಜಾರು 30 ಡಿಗ್ರಿಗಿಂತ ಕಡಿದಾದ ಕಡೆ ಬೇಡ. ಅಂದರೆ ಒಂದು ಮೀಟರ್ ಮುಂದೆ ಹೋದರೆ ಸುಮಾರು 58 ಸೆಂಟಿಮೀಟರ್ ಏರುವ ಜಾಗದಿಂದಾಚೆ ಹೋಗಬಾರದು. ಮೂರನೆಯದಾಗಿ, ಜಮೀನಿನ ಅತಿ ಸುಂದರ ಭಾಗವನ್ನು ಹಾಗೇ ಬಿಡಿ. ಈಗಾಗಲೇ ಕೆಟ್ಟಿರುವ, ಮಣ್ಣು ತೋಡಿರುವ, ಮರವಿಲ್ಲದ ಮೂಲೆಯಲ್ಲಿ ಮನೆ ಬರಲಿ. ಆಗ ಮನೆಯಿಂದ ಆ ಸುಂದರ ಭಾಗ ಕಾಣುತ್ತದೆ, ಕೆಟ್ಟ ಮೂಲೆಯೂ ಸರಿಹೋಗುತ್ತದೆ.

ಇಳಿಜಾರನ್ನು ಕಡಿಯದ ಪಾಯ

ಇಳಿಜಾರನ್ನು ಕಡಿದು ಸಮತಟ್ಟು ಮಾಡಿ, ಕಡಿದ ಮಣ್ಣನ್ನು ಕೆಳಕ್ಕೆ ತಳ್ಳಿ, ಅದರ ಮೇಲೆ ಪಾಯ ಹಾಕುವ ರೂಢಿಯೇ ಬೆಟ್ಟದ ಮನೆಗಳ ಬಹುಪಾಲು ತೊಂದರೆಗಳಿಗೆ ಮೂಲ. ಹೊಸದಾಗಿ ತುಂಬಿದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಕಡಿದ ಗೋಡೆ ಮಳೆಯಲ್ಲಿ ಜಾರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದ್ದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಬದಲು ಮನೆಯನ್ನೇ ಮೆಟ್ಟಿಲಾಗಿಸಿ. ಅಡುಗೆಮನೆ ಒಂದು ಮಟ್ಟದಲ್ಲಿ, ನಡುಮನೆ ಮೂರು ಮೆಟ್ಟಿಲು ಕೆಳಗೆ, ಮಲಗುವ ಕೋಣೆ ಇನ್ನೂ ಮೂರು ಮೆಟ್ಟಿಲು ಕೆಳಗೆ. ಮನೆಯ ಉದ್ದ ಸಮೋನ್ನತಿ ರೇಖೆಯ ಗುಂಟ ಸಾಗಲಿ, ಅಡ್ಡವಾಗಿ ಬೇಡ. ಹೀಗೆ ಮಾಡಿದರೆ ತೋಡುವ ಮಣ್ಣು ಕಡಿಮೆ, ತಡೆಗೋಡೆಯೂ ಗಿಡ್ಡ. ಹಿರಿಯರಿರುವ ಮನೆಯಾದರೆ ಅವರ ಕೋಣೆ, ಸ್ನಾನದಮನೆ, ಅಡುಗೆಮನೆ ಮೂರೂ ಒಂದೇ ಮಟ್ಟದಲ್ಲಿರುವಂತೆ ಮೊದಲೇ ಹೊಂದಿಸಿ. ಬಂಡೆ ಹತ್ತಿರದಲ್ಲೇ ಸಿಗುವ ಕಡೆ ಕಂಬಗಳ ಮೇಲೆ ನಿಲ್ಲಿಸಿದ ಹಗುರ ಕೋಣೆಯೂ ಒಳ್ಳೆಯದು. ಅದರ ಅಡಿಯಲ್ಲಿ ಮಳೆನೀರು ತನ್ನ ಪಾಡಿಗೆ ಹರಿಯುತ್ತದೆ.

ತಡೆಗೋಡೆ ಬೇಕೇಬೇಕಾದರೆ ಗಾರೆಯಿಲ್ಲದೆ ಜೋಡಿಸಿದ ಕಲ್ಲಿನದಾಗಲಿ, ಇಲ್ಲವೇ ನೀರು ಸೋರಿಹೋಗಲು ಸಾಲುಸಾಲು ರಂಧ್ರಗಳಿರುವ ಗೋಡೆಯಾಗಲಿ. ಗೋಡೆಯ ಹಿಂದೆ ಜಲ್ಲಿ ತುಂಬಿಸಿ. ತಡೆಗೋಡೆ ಬೀಳುವುದು ಹೆಚ್ಚಾಗಿ ಮಣ್ಣಿನ ಭಾರದಿಂದಲ್ಲ, ಹಿಂದೆ ಕಟ್ಟಿಕೊಂಡ ನೀರಿನ ಒತ್ತಡದಿಂದ.

ಭೂಕಂಪದ ವಿಷಯದಲ್ಲಿ ರಾಜಿ ಬೇಡವೇ ಬೇಡ. ದೆಹಲಿ, ಗುರುಗ್ರಾಮ, ಫರೀದಾಬಾದ್‌ಗಳು ದಶಕಗಳಿಂದ ನಾಲ್ಕನೇ ಭೂಕಂಪ ವಲಯದಲ್ಲಿ ಗುರುತಾಗಿರುವ ಊರುಗಳು. ಕಲ್ಲಿನ ಅಥವಾ ಮಣ್ಣಿನ ಗೋಡೆಯ ಮನೆಗೆ ಪಾಯದ ಮಟ್ಟದಲ್ಲಿ, ಕಿಟಕಿ-ಬಾಗಿಲ ಮೇಲಿನ ಲಿಂಟಲ್ ಮಟ್ಟದಲ್ಲಿ, ಸೂರಿನ ಮಟ್ಟದಲ್ಲಿ ಇಡೀ ಮನೆಯನ್ನು ಸುತ್ತುವ ಪಟ್ಟಿ ಇರಬೇಕು. ಮೂಲೆಗಳಲ್ಲಿ ಕಂಬಿ ಇಡಬೇಕು. ಕಲ್ಲಿನ ಗೋಡೆಯಲ್ಲಿ ಎರಡೂ ಮುಖಗಳನ್ನು ಬೆಸೆಯುವ ಉದ್ದಗಲ್ಲುಗಳನ್ನು ಅಲ್ಲಲ್ಲಿ ಹಾಕಬೇಕು. ಮಣ್ಣಿನ ಕಟ್ಟಡಗಳಿಗೆ ಐಎಸ್ 13827 ಎಂಬ ಮಾನದಂಡವಿದೆ. ನಿಮ್ಮ ಇಂಜಿನಿಯರ್‌ಗೆ ಅದು ಗೊತ್ತಿಲ್ಲವಾದರೆ ಇನ್ನೊಬ್ಬರನ್ನು ಹುಡುಕುವುದು ಮೇಲು.

ಕಲ್ಲು, ಮಣ್ಣು, ಸುಣ್ಣ

ಅರಾವಳಿಯ ಬೆಣಚುಕಲ್ಲಿನಲ್ಲೇ ತುಘಲಕಾಬಾದ್ ಕೋಟೆ ನಿಂತಿದೆ. ತೋಮರರ ಕಾಲದ್ದೆಂದು ಹೇಳುವ ಅನಂಗಪುರದ ಅಣೆಕಟ್ಟೂ ಅದೇ ಕಲ್ಲಿನದು. ಬೂದು, ತಿಳಿಗೆಂಪು, ತುಕ್ಕಿನ ಬಣ್ಣಗಳು ಬೆರೆತ ಈ ಕಲ್ಲು ಸುತ್ತಲಿನ ನೆಲಕ್ಕೆ ಸಹಜವಾಗಿ ಹೊಂದುತ್ತದೆ. ಆದರೆ ಎಚ್ಚರ. ಈ ಪ್ರದೇಶದ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ 2002ರಿಂದಲೇ ತಡೆಯುತ್ತ ಬಂದು 2009ರಲ್ಲಿ ಪೂರ್ತಿ ನಿಲ್ಲಿಸಿತು. ಇಂದು ಯಾರಾದರೂ ‘ಹೊಸ ಅರಾವಳಿ ಕಲ್ಲು’ ಲಾರಿಯಲ್ಲಿ ತಂದು ಹಾಕುತ್ತೇನೆಂದರೆ ಅದು ಕಳ್ಳಗಣಿಯದಿರಬಹುದು. ಬೆಟ್ಟಕ್ಕೆ ಹೊಂದಲೆಂದು ಬೆಟ್ಟವನ್ನೇ ಒಡೆಯುವುದು ಎಷ್ಟು ಸರಿ? ನಿಮ್ಮ ಪಾಯ ತೋಡುವಾಗ ಸಿಕ್ಕ ಕಲ್ಲು, ಹಳೆಯ ಕಟ್ಟಡ ಕೆಡವಿದ ಕಡೆ ಸಿಗುವ ಕಲ್ಲು, ಇವೆರಡನ್ನೇ ಬಳಸಿ. ಪಾಯಕ್ಕೆ, ನೆಲಮಟ್ಟದಿಂದ ಎರಡು-ಮೂರು ಅಡಿವರೆಗಿನ ಗೋಡೆಗೆ ಅಷ್ಟು ಕಲ್ಲು ಸಾಕಾದೀತು. ಮಳೆಯ ಸಿಡಿತ ತಾಗುವುದು ಅಷ್ಟೇ ಎತ್ತರಕ್ಕೆ.

ಅದರ ಮೇಲೆ ಮಣ್ಣು. ಈ ವಿದ್ಯೆಯಲ್ಲಿ ನಮ್ಮ ಕರ್ನಾಟಕದ ಪಾಲು ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಕೈಯಿಂದ ಒತ್ತುವ ಯಂತ್ರದಲ್ಲಿ ಮಾಡುವ ಸ್ಥಿರೀಕೃತ ಮಣ್ಣಿನ ಇಟ್ಟಿಗೆಯನ್ನು ಬೆಳೆಸಿದರು. ಸುಡುವ ಕೆಲಸವಿಲ್ಲ; ಹಾಗಾಗಿ ಸೌದೆ, ಕಲ್ಲಿದ್ದಲು, ಹೊಗೆ ಯಾವುದೂ ಇಲ್ಲ. ಮಣ್ಣಿಗೆ ಸುಮಾರು 5ರಿಂದ 8 ಶೇಕಡಾ ಸಿಮೆಂಟ್ ಬೆರೆಸಿ ಒತ್ತುತ್ತಾರೆ.

ನಿಮ್ಮ ಮಣ್ಣು ಇದಕ್ಕೆ ಹೊಂದುತ್ತದೆಯೇ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದಷ್ಟು ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಅದರ ಮೇಲೆ ನುಣುಪು ಹೂಳು, ಎಲ್ಲಕ್ಕೂ ಮೇಲೆ ಜೇಡಿ ಪದರಗಳಾಗಿ ಕೂರುತ್ತವೆ. ಅರ್ಧಕ್ಕಿಂತ ಹೆಚ್ಚು ಮರಳು, ಹತ್ತರಿಂದ ಹದಿನೈದು ಶೇಕಡಾ ಜೇಡಿ ಇದ್ದರೆ ಇಟ್ಟಿಗೆಗೆ ಒಳ್ಳೆಯ ಮಣ್ಣು. ಜೇಡಿ ಹೆಚ್ಚಿದ್ದರೆ ಬಿರುಕು ಬಿಡುತ್ತದೆ. ಮರಳಾಗಲಿ ಕಲ್ಲುಪುಡಿಯಾಗಲಿ ಬೆರೆಸಿ ಸರಿಮಾಡಬೇಕು. ಬಳಸುವುದು ಮೇಲ್ಮಣ್ಣಿನ ಕೆಳಗಿನ ಮಣ್ಣನ್ನು. ಮೇಲಿನ ಅರ್ಧ ಅಡಿ ಫಲವತ್ತಾದ ಮಣ್ಣನ್ನು ಮೊದಲೇ ಬೇರೆ ರಾಶಿ ಹಾಕಿ, ಕಟ್ಟಡ ಮುಗಿದ ಮೇಲೆ ಗಿಡಗಳಿಗೆ ಹಿಂದಿರುಗಿಸಿ. ಅಂತಿಮ ತೀರ್ಮಾನಕ್ಕೆ ಪ್ರಯೋಗಾಲಯದ ಪರೀಕ್ಷೆ ಬೇಕೇ ಬೇಕು.

ಗಿಲಾಯಕ್ಕೆ ಸುಣ್ಣ, ಮರಳು, ಸುರ್ಕಿ (ಇಟ್ಟಿಗೆ ಪುಡಿ) ಬೆರೆಸಿದ ಗಾರೆ ಹಿಡಿಸುತ್ತದೆ. ಅದು ಗೋಡೆಯ ತೇವವನ್ನು ಹೊರಬಿಡುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾಯ, ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಹಾಳಾಗುತ್ತದೆ. ಮೇಲ್ಛಾವಣಿಗೆ ರಾಜಸ್ಥಾನದ ಮರಳುಗಲ್ಲಿನ ಚಪ್ಪಡಿಗಳನ್ನು ತೊಲೆಗಳ ಮೇಲೆ ಹಾಸುವ ಪದ್ಧತಿ ಈ ಸೀಮೆಯಲ್ಲಿ ಹಳೆಯದು. ಆರ್ಕಿಟೆಕ್ಟ್ ಲಾರಿ ಬೇಕರ್ ಜನಪ್ರಿಯಗೊಳಿಸಿದಂತೆ ತಾರಸಿಯ ಕಾಂಕ್ರೀಟಿನ ನಡುವೆ ಹೆಂಚು ಹುದುಗಿಸುವುದೂ ಸಿಮೆಂಟ್ ಉಳಿಸುವ ಒಳ್ಳೆಯ ದಾರಿ.

ಬಿಸಿಲು, ‘ಲೂ’, ಚಳಿ

ಮಲೆನಾಡಿನ ಮನೆಯ ಕನಸನ್ನು ಹಾಗೇ ತಂದು ಇಲ್ಲಿ ನೆಡಬಾರದು. ನಮ್ಮ ಕಡೆ ಮಳೆ ತಡೆಯುವುದು ಮುಖ್ಯ, ಇಲ್ಲಿ ಬಿಸಿಲು. ಬೇಸಿಗೆಯಲ್ಲಿ 45 ಡಿಗ್ರಿ ತಾಕುವ ಉಷ್ಣತೆ, ಪಶ್ಚಿಮದಿಂದ ಬೀಸುವ ‘ಲೂ’ ಎಂಬ ಬಿಸಿಗಾಳಿ, ಡಿಸೆಂಬರ್-ಜನವರಿಯಲ್ಲಿ ಐದು ಡಿಗ್ರಿಯ ಆಸುಪಾಸಿನ ಚಳಿ. ಮೂರಕ್ಕೂ ಒಂದೇ ಮನೆ ಉತ್ತರ ಕೊಡಬೇಕು.

ದೆಹಲಿಯ ಅಕ್ಷಾಂಶದಲ್ಲಿ ಜೂನ್ ಮಧ್ಯಾಹ್ನದ ಸೂರ್ಯ ನೆತ್ತಿಯ ಹತ್ತಿರ, ಸುಮಾರು 85 ಡಿಗ್ರಿ ಎತ್ತರದಲ್ಲಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ 38 ಡಿಗ್ರಿಯಲ್ಲಿರುತ್ತಾನೆ. ಈ ವ್ಯತ್ಯಾಸವೇ ನಿಮ್ಮ ಬಂಡವಾಳ. ದಕ್ಷಿಣದ ಒಂದೂವರೆ ಮೀಟರ್ ಎತ್ತರದ ಕಿಟಕಿಗೆ 60 ಸೆಂಟಿಮೀಟರ್ ಸಜ್ಜಾ ಇಟ್ಟರೆ, ಜೂನ್ ಮಧ್ಯಾಹ್ನ ಇಡೀ ಕಿಟಕಿ ನೆರಳಲ್ಲಿರುತ್ತದೆ. ಡಿಸೆಂಬರಿನಲ್ಲಿ ಮೇಲಿನ 47 ಸೆಂಟಿಮೀಟರ್ ಬಿಟ್ಟು ಉಳಿದ ಸುಮಾರು ಮೂರನೇ ಎರಡು ಪಾಲು ಕಿಟಕಿಯಿಂದ ಬಿಸಿಲು ಒಳಬಂದು ಕೋಣೆ ಬೆಚ್ಚಗಾಗುತ್ತದೆ. ಪಶ್ಚಿಮದ ಬಿಸಿಲು ಓರೆಯಾಗಿ ಬರುವುದರಿಂದ ಸಜ್ಜಾ ಅಲ್ಲಿ ಕೆಲಸ ಮಾಡುವುದಿಲ್ಲ. ಆ ಕಡೆ ಉಗ್ರಾಣ, ಬಚ್ಚಲು, ಮೆಟ್ಟಿಲು ಇಟ್ಟು ದಪ್ಪ ಗೋಡೆ ಕಟ್ಟಿ. ಬೆಟ್ಟದ ನೋಟ ಪಶ್ಚಿಮಕ್ಕೇ ಇದ್ದರೆ ಅಗಲ ಜಗಲಿ ಮಾಡಿ ಸಂಜೆ ಅಲ್ಲಿ ಕೂತು ನೋಡಿ; ಗೋಡೆಯಗಲ ಗಾಜು ಹಾಕಿಸಿ ಹಗಲಿಡೀ ಎಸಿ ಓಡಿಸಬೇಡಿ.

ಒಂದು ಸಣ್ಣ ಒಳಾಂಗಣ, ನಮ್ಮ ತೊಟ್ಟಿಮನೆಯಂತೆ, ಇಲ್ಲಿಗೂ ಸಲ್ಲುತ್ತದೆ. ರಾತ್ರಿ ಅದರ ಮೂಲಕ ಬಿಸಿ ಹೊರಹೋಗುತ್ತದೆ. ಬೇಸಿಗೆಯಲ್ಲಿ ಹಗಲು ಕಿಟಕಿ ಮುಚ್ಚಿ, ಸಂಜೆಯಾದ ಮೇಲೆ ತೆರೆಯುವ ಅಭ್ಯಾಸ ಮಾಡಿಕೊಂಡರೆ ಒಂದೂವರೆ ಅಡಿ ದಪ್ಪದ ಗೋಡೆ ಹಗಲಿಡೀ ತಂಪು ಕೊಡುತ್ತದೆ.

ಬಿದ್ದ ಮಳೆ ಅಲ್ಲೇ ಇಂಗಲಿ

ಸೂರಜ್‌ಕುಂಡ್, ಬಡಖಲ್ ಕೆರೆಗಳು ಒಣಗಿದ್ದನ್ನು ಫರೀದಾಬಾದಿನವರು ಕಣ್ಣಾರೆ ಕಂಡಿದ್ದಾರೆ. ಈ ಬೆಟ್ಟದಲ್ಲಿ ಮನೆ ಕಟ್ಟುವವರ ಮೊದಲ ಋಣ ನೀರಿನದು. ದೆಹಲಿಯಲ್ಲಿ ವರ್ಷಕ್ಕೆ ಸುಮಾರು 770 ಮಿಲಿಮೀಟರ್ ಮಳೆ, ಅದರ ಹೆಚ್ಚಿನ ಪಾಲು ಜುಲೈಯಿಂದ ಸೆಪ್ಟೆಂಬರ್‌ವರೆಗೆ. ನೂರು ಚದರ ಮೀಟರ್ ತಾರಸಿಯಿಂದ, ಐದರಲ್ಲೊಂದು ಪಾಲು ಆವಿ, ಸೋರಿಕೆಗೆ ಹೋದರೂ, ಸುಮಾರು 60,000 ಲೀಟರ್ ನೀರು ಸಿಗುತ್ತದೆ. ಅರ್ಧವನ್ನು ತೊಟ್ಟಿಯಲ್ಲಿ ಹಿಡಿದು, ಉಳಿದದ್ದನ್ನು ಇಂಗುಗುಂಡಿಗೆ ಬಿಡಿ. ಇಂಗುಗುಂಡಿ ಪಾಯದಿಂದ ದೂರ, ಇಳಿಜಾರಿನ ಕೆಳಬದಿಯಲ್ಲಿರಲಿ.

ಅಂಗಳಕ್ಕೆ, ದಾರಿಗೆ ಕಾಂಕ್ರೀಟ್ ಹಾಸಬೇಡಿ. ಕಲ್ಲಿನ ನಡುವೆ ಸಂದು ಬಿಟ್ಟು ಹಾಸಿದರೆ ನೀರು ಇಂಗುತ್ತದೆ. ಕಾರನ್ನು ಮನೆಬಾಗಿಲಿಗೆ ತರುವ ಹಟ ಬಿಟ್ಟು ಜಮೀನಿನ ಅಂಚಿನಲ್ಲೇ ನಿಲ್ಲಿಸಿದರೆ ಇಳಿಜಾರು ಕಡಿಯುವ ಅರ್ಧ ಕೆಲಸ ತಪ್ಪುತ್ತದೆ. ಅಡುಗೆಮನೆ, ಸ್ನಾನದಮನೆಯ ನೀರನ್ನು ಜಲ್ಲಿ ತುಂಬಿದ ಕಾಲುವೆಯಲ್ಲಿ ಕ್ಯಾನಾ, ಜೊಂಡು ಬೆಳೆಸಿ ಹಾಯಿಸಿದರೆ ಗಿಡಗಳಿಗೆ ಬಳಸಬಹುದು. ಬಂಡೆಯ ಬಿರುಕಿರುವ ಕಡೆ ಶೌಚಗುಂಡಿ ಮಾಡಿದರೆ ಕೊಳಕು ನೀರು ನೇರ ಅಂತರ್ಜಲಕ್ಕಿಳಿಯುವ ಅಪಾಯವಿದೆ. ಸೋರದ ಟ್ಯಾಂಕು, ಇಲ್ಲವೇ ಗೊಬ್ಬರವಾಗುವ ಶೌಚಾಲಯವೇ ಅಲ್ಲಿಗೆ ಸರಿ.

ಗಿಡ, ಪ್ರಾಣಿ, ಬೆಳಕು

ಅರಾವಳಿಯ ಸಹಜ ಕಾಡು ನೋಡಬೇಕೆಂದರೆ ಮಂಗರ್ ಬನಿ ಇದೆ. ಗುದರಿಯಾ ಬಾಬಾನ ಹೆಸರಿನಲ್ಲಿ ಸುತ್ತಲ ಹಳ್ಳಿಗರು ಕೊಡಲಿ ತಾಗಿಸದೆ ಉಳಿಸಿಕೊಂಡ ಈ ಕಾಡು ನಮ್ಮ ಕೊಡಗಿನ ದೇವರಕಾಡುಗಳ ಬಳಗದ್ದೇ. ಅಲ್ಲಿನ ಮುಖ್ಯ ಮರ ಧೌ, ನಮ್ಮ ದಿಂಡಿಗದ ಹತ್ತಿರದ ನೆಂಟ. ಉಳಿದ ಕಡೆ ಬಹುಪಾಲು ಆಕ್ರಮಿಸಿರುವುದು ವಿಲಾಯತಿ ಕೀಕರ್, ಅಂದರೆ ನಮ್ಮ ಬಳ್ಳಾರಿ ಜಾಲಿ. ಅದನ್ನು ಒಮ್ಮೆಲೇ ಕಡಿದು ಬೋಳು ಮಾಡಬೇಡಿ. ಅನುಮತಿ ಪಡೆದು, ಅದರ ನೆರಳಲ್ಲೇ ಸ್ಥಳೀಯ ಸಸಿಗಳನ್ನು ಬೆಳೆಸಿ ಹಂತಹಂತವಾಗಿ ತೆಗೆಯಿರಿ. ಧೌ, ಢಾಕ್ (ಮುತ್ತುಗ), ಖೈರ್ (ಕಾಚು), ರೋಂಜ್ (ಬಿಳಿಜಾಲಿ), ಕೈರ್ ಮುಂತಾದವು ಒಮ್ಮೆ ಬೇರುಬಿಟ್ಟರೆ ನೀರು ಕೇಳುವುದಿಲ್ಲ. ಗುರುಗ್ರಾಮದ ಅರಾವಳಿ ಜೀವವೈವಿಧ್ಯ ಉದ್ಯಾನಕ್ಕೆ ಹೋದರೆ ಇವನ್ನೆಲ್ಲ ನೋಡಿ ಗುರುತಿಸಬಹುದು. ಹಿಂದೆ ಗಣಿಯಾಗಿದ್ದ ಆ ಜಾಗವನ್ನು ನಾಗರಿಕರು 2010ರಿಂದೀಚೆಗೆ ಮತ್ತೆ ಕಾಡಾಗಿಸಿದ್ದಾರೆ. ಹುಲ್ಲುಹಾಸಿನ ಆಸೆಯನ್ನು ಪೂರ್ತಿ ಬಿಟ್ಟುಬಿಡಿ. ಈ ಬಿಸಿಲಲ್ಲಿ ಅದು ನೀರು ಕುಡಿಯುವ ಬಾಯಿ.

ಬೇಲಿ ಹಸಿರುಬೇಲಿಯಾಗಿರಲಿ. ಗೋಡೆ ಅನಿವಾರ್ಯವಾದರೆ ಮನೆಯ ಸುತ್ತ ಮಾತ್ರ ಕಟ್ಟಿ, ಇಡೀ ಜಮೀನನ್ನು ಮುಚ್ಚಬೇಡಿ. ಎಸೆದ ಊಟಕ್ಕೆ ಬೀದಿನಾಯಿಗಳು ಬರುತ್ತವೆ, ನಾಯಿಗಳನ್ನು ಹುಡುಕಿ ಚಿರತೆ ಬರುತ್ತದೆ. ಹಾಗಾಗಿ ಕಸವನ್ನು ಮುಚ್ಚಿಟ್ಟು ಗೊಬ್ಬರ ಮಾಡುವುದು ನಿಮ್ಮ ಸುರಕ್ಷತೆಗೂ ಬೇಕು. ಹೊರಗಿನ ದೀಪಗಳು ಮೊಣಕಾಲೆತ್ತರದಲ್ಲಿ, ಮೇಲೆ ಮುಚ್ಚಳವಿದ್ದು, ಹಳದಿ ಬೆಳಕಿನವಾಗಿರಲಿ. ಮಲಗುವ ಹೊತ್ತಿಗೆ ಆರಲಿ.

ಕೆಲಸದ ಪಂಚಾಂಗ

ಎನ್‌ಸಿಆರ್‌ನಲ್ಲಿ ಕಟ್ಟಡ ಕೆಲಸಕ್ಕೆ ತನ್ನದೇ ಋತುಮಾನವಿದೆ. ಚಳಿಗಾಲದಲ್ಲಿ ಗಾಳಿ ಕೆಟ್ಟು ವಾಯುಮಾಲಿನ್ಯ ತಡೆಯುವ ‘ಗ್ರಾಪ್’ ಯೋಜನೆಯ ಮೂರನೇ ಹಂತ ಜಾರಿಯಾದರೆ ಕಟ್ಟಡ ಕೆಲಸಗಳಿಗೆ ನಿಷೇಧ ಬೀಳುತ್ತದೆ. ಕೂಲಿಯವರಿಗೆ ಆಗ ಕೆಲಸವಿರುವುದಿಲ್ಲ, ನಿಮ್ಮ ಲೆಕ್ಕವೂ ತಪ್ಪುತ್ತದೆ. ಆದ್ದರಿಂದ ಸರ್ವೆ, ಮಣ್ಣು ಪರೀಕ್ಷೆ, ನಕ್ಷೆ, ಅನುಮತಿಗಳನ್ನು ಚಳಿಗಾಲದಲ್ಲಿ ಮುಗಿಸಿ. ಫೆಬ್ರವರಿಯಿಂದ ಪಾಯ ಮತ್ತು ಇಟ್ಟಿಗೆ, ಜೂನ್ ಮುಗಿಯುವುದರೊಳಗೆ ಗೋಡೆ ಮತ್ತು ಸೂರು. ಮಣ್ಣಿನ ಇಟ್ಟಿಗೆಯನ್ನು ಬಿರುಬಿಸಿಲಿಗೆ ಬಿಡದೆ ನೆರಳಲ್ಲಿ, ಒದ್ದೆ ಗೋಣಿಯಡಿ ಮೂರು-ನಾಲ್ಕು ವಾರ ಹದಗೊಳಿಸಬೇಕು. ಮಳೆಗಾಲದಲ್ಲಿ ಸೋರಿಕೆ ನೋಡಿ ತಿದ್ದಿ, ಸಸಿ ನೆಡಿ.

ಸುಣ್ಣ, ಮಣ್ಣು, ಕಲ್ಲಿನ ಕೆಲಸ ಬಲ್ಲ ಮೇಸ್ತ್ರಿಗಳು ರಾಜಸ್ಥಾನ, ಬುಂದೇಲ್‌ಖಂಡದ ಕಡೆಯಿಂದ ಬರುತ್ತಾರೆ. ಸಾಮಗ್ರಿಯಲ್ಲಿ ಉಳಿದ ಹಣ ಅವರ ಕೂಲಿಗೆ ಹೋಗುತ್ತದೆ. ಅದು ಸರಿಯಾದ ಕಡೆ ಹೋಗುವ ಹಣ. ಅವರಿಗೆ ನೆರಳು, ಕುಡಿಯುವ ನೀರು, ಶೌಚಾಲಯದ ಏರ್ಪಾಡು ನಿಮ್ಮ ಅಂದಾಜುಪಟ್ಟಿಯ ಮೊದಲ ಸಾಲಿನಲ್ಲಿರಲಿ.

ಹಿಮಾಲಯದ ಕಡೆ ಹೊರಟವರಿಗೆ

ಅರಾವಳಿಯಲ್ಲಿ ಜಾಗ ಸಿಗದೆ ನೈನಿತಾಲ್, ಮುಕ್ತೇಶ್ವರ, ಕಸೌಲಿಯತ್ತ ಹೊರಡುವವರೂ ಇದ್ದಾರೆ. ಅಲ್ಲಿಯೂ ಕಾಗದವೇ ಮೊದಲು. ಹಿಮಾಚಲದಲ್ಲಿ 1972ರ ಗೇಣಿ ಮತ್ತು ಭೂಸುಧಾರಣಾ ಕಾಯ್ದೆಯ 118ನೇ ಸೆಕ್ಷನ್ ಕೃಷಿಕರಲ್ಲದವರಿಗೆ ಸರ್ಕಾರದ ಅನುಮತಿಯಿಲ್ಲದೆ ಜಮೀನು ವರ್ಗಾವಣೆ ತಡೆಯುತ್ತದೆ. ಉತ್ತರಾಖಂಡದಲ್ಲಿ ಹೊರಗಿನವರು ನಗರಸಭೆ ವ್ಯಾಪ್ತಿಯಾಚೆ ಮನೆಗೆ 250 ಚದರ ಮೀಟರ್ ಮಾತ್ರ ಕೊಳ್ಳಬಹುದು. 2025ರ ತಿದ್ದುಪಡಿ ಹರಿದ್ವಾರ, ಉಧಮ್‌ಸಿಂಗ್ ನಗರ ಬಿಟ್ಟು ಉಳಿದ 11 ಜಿಲ್ಲೆಗಳಲ್ಲಿ ಹೊರಗಿನವರಿಗೆ ಕೃಷಿ, ತೋಟದ ಜಮೀನು ಮಾರುವುದನ್ನು ನಿಲ್ಲಿಸಿದೆ.

ಅಲ್ಲಿ ಭೂಕಂಪ, ಭೂಕುಸಿತ ಎರಡೂ ಇವೆ. ಜೋಶಿಮಠದಲ್ಲಿ ಭಾರಿ ಕಟ್ಟಡ ಬೇಡವೆಂದು 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. 2023ರ ಜನವರಿಯಲ್ಲಿ ಮನೆಗಳು ಬಿರುಕು ಬಿಟ್ಟವು. ಕಲ್ಲು ಮತ್ತು ಮರದ ತೊಲೆಗಳನ್ನು ಹೆಣೆದು ಕಟ್ಟುವ ಹಿಮಾಚಲದ ಕಾಠ್-ಕುಣಿ, ಉತ್ತರಾಖಂಡದ ಕೋಟಿ ಬನಾಲ್ ಪದ್ಧತಿಯ ಮನೆಗಳು ಶತಮಾನಗಳ ಕಂಪನ ತಾಳಿವೆ. ಧರ್ಮಶಾಲೆಯ ಬಳಿಯ ಸಿಧ್‌ಬಾಡಿಯಲ್ಲಿ ನೆಲೆಸಿದ್ದ, 2021ರಲ್ಲಿ ತೀರಿಕೊಂಡ ದೀದಿ ಕಾಂಟ್ರಾಕ್ಟರ್ ಮಣ್ಣು, ಬಿದಿರು, ಸ್ಲೇಟು ಕಲ್ಲಿನಲ್ಲಿ ಕಟ್ಟಿದ ಮನೆಗಳಿಂದ ಕಲಿಯುವುದು ಬಹಳವಿದೆ. ಸ್ಥಳೀಯ ಮೇಸ್ತ್ರಿಯ ಜ್ಞಾನ, ಭೂವಿಜ್ಞಾನಿಯ ವರದಿ, ಇಂಜಿನಿಯರ್‌ನ ಲೆಕ್ಕ ಮೂರೂ ಇಲ್ಲದೆ ಹಿಮಾಲಯದಲ್ಲಿ ಒಂದು ಕಲ್ಲೂ ಎತ್ತಿಡಬಾರದು.

ಕೊನೆಯ ಮಾತು

ಸಣ್ಣದಾಗಿ ಕಟ್ಟಿ. ಇಬ್ಬರು ಹಿರಿಯರು, ಆಗಾಗ ಬರುವ ಮಕ್ಕಳು-ಮೊಮ್ಮಕ್ಕಳಿಗೆ ನೂರು-ನೂರಿಪ್ಪತ್ತು ಚದರ ಮೀಟರ್ ಧಾರಾಳ. ಚಿಕ್ಕ ಮನೆ ಕಡಿಮೆ ಮಣ್ಣು ತೋಡುತ್ತದೆ, ಕಡಿಮೆ ನೀರು ಕೇಳುತ್ತದೆ, ವಯಸ್ಸಾದಾಗ ನೋಡಿಕೊಳ್ಳಲೂ ಸುಲಭ. ಜಾಗದ ದಾಖಲೆಯಲ್ಲಿ ಎಳ್ಳಷ್ಟು ಅನುಮಾನವಿದ್ದರೂ ಕೊಳ್ಳಬೇಡಿ. ಹಣ ಹೋಗುವುದಕ್ಕಿಂತ ದೊಡ್ಡ ನಷ್ಟವೆಂದರೆ, ದೆಹಲಿಯ ಉಸಿರಿಗೂ ಬಾಯಾರಿಕೆಗೂ ಆಸರೆಯಾದ ಬೆಟ್ಟ ಇನ್ನಷ್ಟು ಕರಗುವುದು. ಅಂಥ ಜಾಗದಲ್ಲಿ ಮನೆ ಕಟ್ಟದೇ ಇರುವುದೇ ಬೆಟ್ಟಕ್ಕೆ ನೀವು ಮಾಡುವ ಅತ್ಯುತ್ತಮ ವಿನ್ಯಾಸ. ಕಾನೂನಿಗೆ ಸಲ್ಲುವ ಜಾಗ ಬೆಟ್ಟದ ಬುಡದಲ್ಲಿ ಸಿಕ್ಕರೆ, ಒಂದು ವರ್ಷ ಕಾದು, ನೀರಿನ ದಾರಿ ಬಿಟ್ಟುಕೊಟ್ಟು, ಆ ನೆಲದ ಮಣ್ಣಿನಲ್ಲೇ ಗೋಡೆ ಎಬ್ಬಿಸಿ.